ಒಲಿ ಮುಂದಿನ ಉತ್ತರಕುಮಾರ

ಒಲಿ ಮುಂದ ಕುಂತು ಹಾಂಗ ಮಾಡ್ತೇನಿ, ಹೀಂಗ ಮಾಡ್ತೇನಿ ಅಂತ ಕೊಚ್ಚಕೊಳ್ಳೋರಿಗೆ ನಮ್ಮ ಕಡೆ ಒಂದ ಹೆಸರು: ಉತ್ತರಕುಮಾರ. ನಿಮ್ಮನ್ಯಾಗೂ ಒಬ್ಬ ಇರಬೇಕಲ್ರಿ? ನಮ್ಮನ್ಯಾಗ ನನ್ನ ತಮ್ಮ.

ಪಂಚಮಿಗೆ ದಿಗ್ಗೇವಾಡಿಗೆ, ತವರಿಗೆ ಹೋಗಿದ್ದೆ. ಅಂವಗ ಮಿಲಿಟ್ರಿ ಹುಚ್ಚು. ಬೆಳಗಾವ್ಯಾಗ ಮರಾಠಾ ರೆಜಿಮೆಂಟಿನ ಕೇಂದ್ರ ಐತೆಲ್ಲ, ನಮ್ಮ ಕಡೆ ಹುಡುಗರು ಅದನ್ನ ನೋಡಕೋತನ ಬೆಳೀತಾವ. ನಸಕಿನ್ಯಾಗ ಎದ್ದು ಕಬ್ಬಿನ ಹೊಲದ ರಾಡಿ ದಾರ್ಯಾಗ ಓಡಿ ಬರಾಂವ. ನಾ ರೊಟ್ಟಿ ಬಡಿಯೋಮುಂದ ಬಾಜೂಕ ಕುಂತು, "ಅಕ್ಕಾ, ಗಡಿ ಕಾಯಾಕ ನಾ ಒಬ್ಬನ ಸಾಕು" ಅನ್ನಾಂವ. ಭರತಿ ದಿನ 1600 ಮೀಟರ್ ಓಟದಾಗ ಮೂರನೇ ಸುತ್ತಿಗೇ ಹೊಟ್ಟಿ ಹಿಡಕೊಂಡು ಕುಂತನಂತ. ಸಂಜೀಕ ಬಾಗಲದಾಗ ಕಂಡಕೂಡ್ಲೇ ನಾನ ಅಂದೆ, "ಬಂದ್ರೇನ್ರೀ ಉತ್ತರಕುಮಾರ?" ಎಲ್ಲಾರೂ ನಕ್ಕರು. ಅಂವ ಉಣ್ಣಲಿಲ್ಲ.

ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಅಲ್ರೀ, ಆ ಉತ್ತರಕುಮಾರ ಯಾರು? ವಿರಾಟರಾಯನ ಆಕಳಾ ಕೌರವರು ಹೊಡಕೊಂಡ ಹೋದಾಗ, ಹೆಂಗಸರ ಮುಂದ ಎದಿ ಉಬ್ಬಿಸಿ, ಸಾರಥಿ ಒಬ್ಬ ಸಿಕ್ರ ಸಾಕು ಅಂದಾಂವ. ಸಾರಥಿ ಆಗಿ ಬಂದಾಕಿ ಬೃಹನ್ನಳೆ, ಅಂದ್ರ ವೇಷದಾಗಿನ ಅರ್ಜುನ. ತಂಗಿ ಉತ್ತರೆ ಗೊಂಬಿಗೆ ಉಡಸಾಕ ಕೌರವರ ಬಣ್ಣದ ಅರಿವಿ ತರ್ರಿ ಅಂತ ಬ್ಯಾರೆ ಹೇಳಿ ಕಳಸಿದ್ಲು. ದಂಡು ಕಂಡದ್ದ ತಡ, ರಥದಿಂದ ಜಿಗದು ಓಟ! ಅರ್ಜುನ ಬೆನ್ನಹತ್ತಿ ಹಿಡಕೊಂಡು ಬರಬೇಕಾತು. ಗದುಗಿನ ಕುಮಾರವ್ಯಾಸನ ಭಾರತದಾಗ ಈ ಭಾಗ ಬಂದ್ರ ಮಂದಿ ಹೊಟ್ಟಿ ಹುಣ್ಣಾಗೂವಂಗ ನಗತಾರ.

ನಾವೂ ಅಲ್ಲಿಗೇ ಕಥಿ ನಿಲ್ಲಸ್ತೇವಿ. ಆದ್ರ ಅದ ಹುಡುಗ ಆಮ್ಯಾಲ ಬನ್ನಿಗಿಡಾ ಹತ್ತಿ ಪಾಂಡವರ ಆಯುಧ ಇಳಿಸಿದ. ನಡಗಕೋತನ ಲಗಾಮು ಹಿಡದು, ಭೀಷ್ಮ, ದ್ರೋಣ, ಕರ್ಣ ನಿಂತ ದಂಡಿನ್ಯಾಗ ರಥಾ ಹೊಡದ. ಊರಿಗೆ ಬಂದ ಮ್ಯಾಲ ಅಪ್ಪ ಹೊಗಳಾಕತ್ರ, ಗೆದ್ದಾಂವ ನಾ ಅಲ್ಲ ಅಂತ ಖರೇನ ಹೇಳಿದ. ಅಷ್ಟು ಜಂಬದ ಹುಡುಗ ಅದನ್ನ ಹೇಳೂದು ಓಡಿಹೋಗೂದಕ್ಕಿಂತ ಎಷ್ಟ ಕಷ್ಟ ಇರಬೇಕು! ಮುಂದ ಕುರುಕ್ಷೇತ್ರದ ಮೊದಲನೇ ದಿನಾನ ಆನಿ ಮ್ಯಾಲ ಕುಂತು ಶಲ್ಯನ ಮ್ಯಾಲ ಏರಿ ಹೋಗಿ ಸತ್ತ. ಆ ದಿನ ಅಂವ ಓಡಲಿಲ್ಲ. ಇದನ್ನ ಯಾರೂ ಒಲಿ ಮುಂದ ಹೇಳಂಗಿಲ್ಲ ನೋಡ್ರಿ.

ಸಾಯೂ ಮಾತು ತಮ್ಮನ ಮುಂದ ನಾನೂ ಹೇಳಲಿಲ್ಲ, ಅವ್ವ ಅಲ್ಲೇ ಇದ್ಲು. ಮುಂಜಾನೆ ಚಾ ಕೊಡೋಮುಂದ ಹೆಸರು ಹಿಡದು ಕರದು, ಬನ್ನಿಗಿಡದ ಮಟಾ ಹೇಳಿದೆ. ಅಂವ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ವಯಸ್ಸು ದಾಟೂದ್ರಾಗ ಇನ್ನೊಂದ ಭರತಿ ಉಳದೈತಿ. ಬೂಟ್ ಹುಡಕಾಕತ್ತಿದ್ದ. ಒಂದ ಸಿಕ್ಕಿತ್ತು, ಇನ್ನೊಂದ ನಾಯಿ ಒಯ್ದಿತ್ತು.