ಒಂದು ಪಾಸಿಟಿವ್ ರಿಪೋರ್ಟು

ಅಂಕೋಲಾ, 24 ಜೂನ್ 2024, ಸೋಮವಾರ

ಕಾರವಾರಕ್ಕೆ ಹೋಗಿ ಸ್ಯಾಂಪಲ್ ಕೊಟ್ಟು ಬಂದೆ. ಇವರಿಗೆ ಹೇಳಿದ್ದು ‘ಲೇಡಿ ಡಾಕ್ಟರ ಹತ್ರ ಸುಮ್ಮನೆ ಒಂದು ಚೆಕಪ್’ ಎಂದು. ಸುಳ್ಳೇನಲ್ಲ. ಬಿಳಿ ಹೋಗುವುದಿಲ್ಲ, ಮುಟ್ಟು ಸರಿಯಾಗಿದೆ, ನೋವಿಲ್ಲ. ಏನೂ ಇಲ್ಲದಾಗಲೇ ಮಾಡಿಸಬೇಕಾದ ಪರೀಕ್ಷೆ ಇದು. ಏನೂ ಇಲ್ಲದವಳಿಗೆ ಆಸ್ಪತ್ರೆಯಲ್ಲಿ ಎಂತಾ ಕೆಲಸ ಎಂದು ಕೇಳುವವರೇ ಹೆಚ್ಚು.

ಫೆಬ್ರವರಿಯಲ್ಲಿ ಮುಂಬಯಿಯ ನಟಿಯೊಬ್ಬಳು ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಳೆಂದು ಸುದ್ದಿಯಾಗಿ, ಮಾರನೇ ದಿನ ಅವಳೇ ‘ಬದುಕಿದ್ದೇನೆ, ಜಾಗೃತಿಗಾಗಿ ಹಾಗೆ ಮಾಡಿದೆ’ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಬೈದೆವು. ಬೈದು ಮುಗಿದ ಮೇಲೆ ಗಣಿತದ ಟೀಚರು, ‘ನಮ್ಮಲ್ಲಿ ಯಾರಾದ್ರೂ ಮಾಡಿಸಿಕೊಂಡದ್ದು ಉಂಟಾ?’ ಎಂದರು. ಒಬ್ಬರೂ ಇರಲಿಲ್ಲ. 30 ದಾಟಿದ ಹೆಂಗಸರನ್ನು 5 ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆ ನೋಡಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಇದೆ. ನಾವು ಮಕ್ಕಳಿಗೆ ಆರೋಗ್ಯದ ಪಾಠ ಮಾಡುವವರು!

5 ಜುಲೈ, ಶುಕ್ರವಾರ

ಎಚ್‌ಪಿವಿ ಪಾಸಿಟಿವ್. 16 ಮತ್ತು 18ನೇ ತಳಿ ಅಲ್ಲ. ‘ಅಪಾಯದ ಇತರ ತಳಿಗಳು’ ಎಂಬ ಸಾಲಿನಲ್ಲಿ ಗುರುತು ಬಿದ್ದಿದೆ. ಗರ್ಭಕಂಠದ ಕ್ಯಾನ್ಸರಿನ 100ರಲ್ಲಿ 70ರಷ್ಟು ಆ ಎರಡೇ ತಳಿಗಳ ಕೆಲಸವಂತೆ, ಹಾಗಾಗಿ ‘ಇದ್ದುದರಲ್ಲಿ ಒಳ್ಳೆಯದು’ ಎಂದರು ಡಾಕ್ಟರು. ‘ನಿಮಗಿರುವುದು ವೈರಸ್ಸು, ಕ್ಯಾನ್ಸರಲ್ಲ. ಸಂಸಾರ ಮಾಡಿದ ಬಹುತೇಕ ಎಲ್ಲರ ಮೈಗೂ ಒಮ್ಮೆಯಾದರೂ ಬಂದು ಹೋಗುವಂಥದ್ದು. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಕೂತರೆ ಮಾತ್ರ ತೊಂದರೆ. ಆಗಲೂ ಕ್ಯಾನ್ಸರಾಗಲು ಸಾಮಾನ್ಯವಾಗಿ 15-20 ವರ್ಷ ಬೇಕು.’

ಎಲ್ಲಿಂದ ಬಂತು ಎಂದು ಕೇಳಿಯೇಬಿಟ್ಟೆ. ದಿನಾ ಕೇಳಿ ಕೇಳಿ ಸಾಕಾದವರಂತೆ ಉತ್ತರ ಕೊಟ್ಟರು: ‘ಅದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೋದ ವರ್ಷದ್ದಿರಬಹುದು, ಮದುವೆಗೆ ಮೊದಲಿನದ್ದೂ ಇರಬಹುದು. ಇಷ್ಟು ದಿನ ಸದ್ದಿಲ್ಲದೆ ಇದ್ದು ಈಗ ಎದ್ದಿರಬಹುದು. ನಿಮ್ಮಿಂದ ಅವರಿಗೋ, ಅವರಿಂದ ನಿಮಗೋ, ಅದೂ ಗೊತ್ತಾಗುವುದಿಲ್ಲ. ಮುಂದಿನದ್ದು ಮಾಡಿಸಿ, ಕಾಲ್ಪೊಸ್ಕೋಪಿ.’

6 ಜುಲೈ, ಶನಿವಾರ

ರಾತ್ರಿ ರಿಪೋರ್ಟು ಕೈಗೆ ಕೊಟ್ಟೆ. ಓದಿದರು, ಫೋನಿನಲ್ಲಿ ಹುಡುಕಿದರು, ಮತ್ತೆ ಓದಿದರು.

‘ಇದು ಅಂಥಾ ಸಂಬಂಧದಿಂದ ಬರೂದಲ್ವಾ?’

‘ಸಂಬಂಧದಿಂದ ಬರೂದು. ಅಂಥಾದ್ದು, ಇಂಥಾದ್ದು ಅಂತ ಅದಕ್ಕೆ ಗೊತ್ತಾಗೂದಿಲ್ಲ.’

ಮಸ್ಕತ್ತಿನ ಹೆಸರು ಇಬ್ಬರೂ ಎತ್ತಲಿಲ್ಲ. ಮದುವೆಯಾದ ಹೊಸತರಲ್ಲಿ ಇವರು ಅಲ್ಲಿ, ನಾನು ಅತ್ತೆಯ ಜೊತೆ ಇಲ್ಲಿ. ಧಾರವಾಡದ ಹೆಸರನ್ನೂ ಎತ್ತಲಿಲ್ಲ. ಅದು ನನ್ನದು, ಎಂ.ಎ. ಓದುವಾಗಿನದು, ಇವರಿಗೆ ಅರ್ಧ ಗೊತ್ತು. ಕೇಳುವ ಹಕ್ಕು ನನಗಿದ್ದರೆ ಇವರಿಗೂ ಇದೆ. ಕೇಳಿ ಉತ್ತರ ಬಂದರೂ ಈ ವೈರಸ್ಸಿನ ಮಟ್ಟಿಗೆ ಅದು ಉತ್ತರವಲ್ಲ. ಹಾಗಂತ ತಲೆಗೆ ಗೊತ್ತು, ಹೊಟ್ಟೆಯೊಳಗಿನ ಉರಿ ಬೇರೆ.

ಆಮೇಲೆ ಇವರು, ‘ನಂಗೂ ಟೆಸ್ಟ್ ಮಾಡ್ಸು’ ಎಂದರು. ಗಂಡಸರಿಗೆ ಅಂಥ ಒಪ್ಪಿತ ಪರೀಕ್ಷೆಯೇ ಇಲ್ಲ ಎಂದಾಗ ಮುಖ ಸಣ್ಣಗಾಯಿತು. ತನ್ನನ್ನು ನಿರ್ದೋಷಿ ಎಂದು ಸಾಬೀತು ಮಾಡಿಕೊಳ್ಳಲೂ ದಾರಿಯಿಲ್ಲವಲ್ಲ ಎಂಬ ಸಂಕಟ. ನಿಜ ಹೇಳಬೇಕೆಂದರೆ ಪಾಪ ಅನಿಸಿತು. ಕಾಂಡೋಮಿನ ಬಗ್ಗೆಯೂ ಕೇಳಿದರು. ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಚರ್ಮದಿಂದ ಚರ್ಮಕ್ಕೆ ದಾಟುವಂಥದ್ದು. ಇಷ್ಟು ವರ್ಷ ಒಟ್ಟಿಗಿದ್ದವರಲ್ಲಿ ಒಬ್ಬರಿಗಿದ್ದದ್ದು ಇನ್ನೊಬ್ಬರಿಗೂ ಆಗಲೇ ತಾಗಿರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ.

16 ಜುಲೈ, ಮಂಗಳವಾರ

ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದಿದೆ. ಚಹಾ ಅಂಗಡಿಯ ಕುಟುಂಬ, ನಿಲ್ಲಿಸಿದ್ದ ಲಾರಿಗಳು, ಗಂಗಾವಳಿಯ ಆಚೆ ಉಳುವರೆಯ ಮನೆಗಳು. ನಮ್ಮ ಶಾಲೆಯ ಮಕ್ಕಳ ಕಡೆಯವರು ಯಾರಾದರೂ ಇದ್ದಾರಾ ಎಂದು ಬೆಳಗಿನಿಂದ ಫೋನಿಗೆ ಅಂಟಿಕೊಂಡು ಕೂತಿದ್ದೇವೆ. ನನ್ನ ವಿಷಯ ಬರೆಯಲು ಮನಸ್ಸಿಲ್ಲ.

ಇಷ್ಟು ಮಾತ್ರ: ಶುಕ್ರವಾರ ಕಾಲ್ಪೊಸ್ಕೋಪಿಗೆ ಮಣಿಪಾಲಕ್ಕೆ ಹೋಗಬೇಕಿತ್ತು, ರಸ್ತೆಯೇ ಇಲ್ಲ. ದೊಡ್ಡ ಕಾಯಿಲೆ ಎಂದರೆ ನಮ್ಮ ಜಿಲ್ಲೆಯವರಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವೆಯ ಬಾಂಬೋಳಿ. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟು ಕೂಗಿದ್ದೆವು.

30 ಜುಲೈ, ಮಂಗಳವಾರ

ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗಿ ಬಂದೆವು. ಇವರು ರಜೆ ಹಾಕಿ ಜೊತೆಗೆ ಬಂದರು. ದಾರಿಯುದ್ದಕ್ಕೂ ಮಳೆಯದ್ದೇ ಮಾತು.

ಕಾಲ್ಪೊಸ್ಕೋಪ್ ಎಂದರೆ ದುರ್ಬೀನಿನಂಥ ಯಂತ್ರ. ಮೈಗೆ ತಾಗುವುದಿಲ್ಲ, ದೂರದಿಂದಲೇ ನೋಡುತ್ತದೆ. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎರಡು ಹೆತ್ತವಳು ನಾನು, ಗರ್ಭಕೋಶದ ಬಾಯಿಯನ್ನು ಕಂಡದ್ದು ಇದೇ ಮೊದಲು: ಗುಲಾಬಿ ಬಣ್ಣ, ಗುಂಡಗೆ, ಒದ್ದೆ, ನಡುವೆ ಅಡ್ಡಕ್ಕೊಂದು ಗೀರು. ಹತ್ತಿಯಲ್ಲಿ ಅಸಿಟಿಕ್ ಆಮ್ಲ ಹಚ್ಚಿದರು, ಅಂದರೆ ಅಡುಗೆಮನೆಯ ವಿನೆಗರೇ. ಒಂದು ನಿಮಿಷ ಕಾದಾಗ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗದಲ್ಲಿ ತೆಳ್ಳಗೆ ಬಿಳಿ ಎದ್ದಿತು. ಆಮೇಲೆ ಅಯೋಡಿನ್. ಆರೋಗ್ಯವಾಗಿದ್ದ ಭಾಗವೆಲ್ಲ ಕಡುಕಂದಾಯಿತು, ಆ ಚೂರು ಮಾತ್ರ ಸಾಸಿವೆ ಹಳದಿಯಾಗಿಯೇ ಉಳಿಯಿತು. ಅಲ್ಲಿಂದ ಅಕ್ಕಿಕಾಳಿನಷ್ಟು ತೆಗೆದರು. ಚಿವುಟಿದ ಹಾಗಾಯಿತು, ಅಷ್ಟೆ.

ಇದೇ ವಿನೆಗರ್ ಪರೀಕ್ಷೆಯನ್ನು ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದರಂತೆ. ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳಿಗೆ ಕೆಲ ವಾರ ತರಬೇತಿ ಕೊಟ್ಟು ಅವರ ಕೈಯಲ್ಲೇ ಮಾಡಿಸಿದ್ದು. ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ; ಪರೀಕ್ಷೆ ಸಿಕ್ಕ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ವಿನೆಗರ್ ಬಾಟಲಿಯ ಬೆಲೆ ನಮ್ಮೂರ ಅಂಗಡಿಯಲ್ಲಿ ಎಷ್ಟೆಂದು ನನಗೆ ಗೊತ್ತಿದೆ, ಅದಕ್ಕೇ ಸಿಟ್ಟು ಬರುವುದು.

8 ಆಗಸ್ಟ್, ಗುರುವಾರ

ತೆಗೆದ ಚೂರಿನ ರಿಪೋರ್ಟು ಬಂತು: ಸಿಐಎನ್ 1. ಕೋಶಗಳಲ್ಲಿ ತೀರ ಕೆಳಹಂತದ ಬದಲಾವಣೆ, ಹೆಚ್ಚಿನವರಲ್ಲಿ ತಾನೇ ಸರಿಹೋಗುವಂಥದ್ದು. ಈಗ ಯಾವ ಚಿಕಿತ್ಸೆಯೂ ಬೇಡ, ವರ್ಷ ಬಿಟ್ಟು ಮತ್ತೆ ಎಚ್‌ಪಿವಿ ಪರೀಕ್ಷೆ. ಪಕ್ಕದ ಮನೆಯವರಿಗೆ ಹೇಗೋ ಸುಳಿವು ಸಿಕ್ಕಿ ‘ಗರ್ಭಕೋಶವನ್ನೇ ತೆಗೆಸಿಬಿಡಿ, ಪೀಡೆ ಹೋಗ್ತದೆ’ ಎಂದರು. ಹೆಂಗಸಿನ ಯಾವ ಕಾಯಿಲೆಗೂ ಈ ಊರಿನಲ್ಲಿ ಇದೊಂದೇ ಔಷಧಿ.

ಮಗಳಿಗೆ ಲಸಿಕೆ ಹಾಕಿಸುವುದೆಂದು ತೀರ್ಮಾನಿಸಿದೆವು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದಿದೆ. 15 ತುಂಬದವರಿಗೆ 6 ತಿಂಗಳ ಅಂತರದಲ್ಲಿ ಎರಡು ಡೋಸು. ‘ಎಂಟನೇ ಕ್ಲಾಸಿನವಳಿಗೆ ಈಗಲೇ ಯಾಕೆ?’ ಎಂದರು ಇವರು. ವೈರಸ್ಸು ತಾಗುವ ಮೊದಲು ಹಾಕಿದರೇ ಕೆಲಸ. ನನ್ನೊಳಗೆ ಇರುವುದನ್ನು ಅದು ಓಡಿಸುವುದಿಲ್ಲ ಎಂದೆ. ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, ಮಗನಿಗೂ ಹಾಕ್ತಾರಾ ಎಂದು ಕೇಳಿದರು. ಹಾಕ್ತಾರೆ. ಆ ಪ್ರಶ್ನೆ ನನಗೆ ಹಿಡಿಸಿತು.

ಮೊನ್ನೆ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದಿದೆ. ಸದಾಶಿವಗಡದ ನಾದಿನಿಗೆ ಫೋನು ಮಾಡಿದೆ, ಎಲ್ಲರೂ ಕ್ಷೇಮ. ಮಾತಿನ ನಡುವೆ ಪರೀಕ್ಷೆಯ ವಿಷಯ ಹೇಳಿದೆ.

‘ನಂಗೆ ಎಂತಾ ಆಗಿದೆ ಅಂತ?’

17 ಆಗಸ್ಟ್, ಶನಿವಾರ

ನಾದಿನಿ ಬಂದಿದ್ದಳು. ನನ್ನ ಮಾತಿಗೆ ಬಗ್ಗದವಳು ಅಣ್ಣನ ಮಾತಿಗೆ ಬಗ್ಗಿದಳು. ಇವರು ಒಳಗೆ ಬಂದು, ನನ್ನ ಮುಖ ನೋಡದೆ, ‘ಇವಳ ಸಂಗ್ತಿ ಹೋಗಿ ಬಾ. ಐದು ನಿಮಿಷದ್ದು’ ಎಂದರು. ತಂಗಿಯ ಎದುರು ಅಷ್ಟು ಹೇಳಲು ಇವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

‘ಬಾಗ್ಲು ಹಾಕ್ತಾರಾ ಅಲ್ಲಿ?’ ಎಂದು ಕೇಳಿದಳು. ಹಾಕ್ತಾರೆ ಎಂದೆ. ಬುಧವಾರ ಎಂದಾಗಿದೆ. ಗಂಡನಿಗೆ ಮೊದಲೇ ಹೇಳಬೇಕೋ, ರಿಪೋರ್ಟು ಬಂದ ಮೇಲೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮೊದಲೇ ಹೇಳು ಎಂದು ನಾನು, ನಿಂಗೆ ಅವರು ಗೊತ್ತಿಲ್ಲ ಎಂದು ಅವಳು.