ಮೂತ್ರಪಿಂಡದ ನರ ಮತ್ತು ಸಿಟ್ಟಿನ ಬಿ.ಪಿ.

ಬ್ರೂಕ್‌ಫೀಲ್ಡಿನ ನಮ್ಮ ಬೆಳಗಿನ ನಡಿಗೆಯ ಬಳಗದಲ್ಲಿ ರಕ್ತದೊತ್ತಡದ ಮಾತ್ರೆ ನುಂಗದವರು ವಿರಳ. ಕುಂದಲಹಳ್ಳಿ ಗೇಟಿನ ವಾಹನಸಂದಣಿಯನ್ನು ದಿನವೂ ದಾಟುವವರ ಒತ್ತಡ ನೆಟ್ಟಗಿದ್ದೀತಾದರೂ ಹೇಗೆ! ಇತ್ತೀಚೆಗೆ ಮಿತ್ರರೊಬ್ಬರು ಕೇಳಿದರು: "ಮೇಷ್ಟ್ರೇ, ಮೂತ್ರಪಿಂಡದ ನರ ಸುಟ್ಟರೆ ಬಿ.ಪಿ. ಇಳಿಯುತ್ತದಂತೆ. ಮಗ ಮಾಡಿಸೋಣ ಅನ್ನುತ್ತಾನೆ. ಆಮೇಲೆ ಸಿಟ್ಟು ಬಂದರೂ ಅದು ಏರುವುದಿಲ್ಲವೇ?"

ಏರುತ್ತದೆ ಎಂದೆ. ಕೋಪ ಬಂದೊಡನೆ ಮಿದುಳಿನ ಆಜ್ಞೆ ಸಿಂಪಥೆಟಿಕ್ ನರಗಳ ಮೂಲಕ ದೇಹಕ್ಕೆಲ್ಲ ಇಳಿಯುತ್ತದೆ. ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ನರಗಳ ತುದಿಗಳು ನಾರ್‌ಅಡ್ರಿನಲಿನ್ ಸ್ರವಿಸುತ್ತವೆ. ಮೂತ್ರಪಿಂಡ ತಲುಪಿದ ಸಂದೇಶದಿಂದ ರೆನಿನ್ ಹೊರಬರುತ್ತದೆ, ಉಪ್ಪು ಒಳಗೇ ಉಳಿಯುತ್ತದೆ, ರಕ್ತನಾಳ ಬಿಗಿಯುತ್ತದೆ. ಚಿಕಿತ್ಸೆಯಲ್ಲಿ ತೊಡೆಯ ಅಪಧಮನಿಯಿಂದ ಸಣ್ಣ ನಳಿಕೆಯನ್ನು ಮೂತ್ರಪಿಂಡದ ಅಪಧಮನಿಗೆ ಒಯ್ದು, ರೇಡಿಯೋ ತರಂಗ ಇಲ್ಲವೇ ಅಲ್ಟ್ರಾಸೌಂಡಿನ ಶಾಖದಿಂದ ಅದರ ಸುತ್ತಲಿನ ನರಗಳನ್ನು ಸುಡುತ್ತಾರೆ. ಅಡ್ರಿನಲ್ ಗ್ರಂಥಿಗೆ ಹೋಗುವ ಮುಖ್ಯ ನರಗಳ ದಾರಿಯೇ ಬೇರೆ. ಹೀಗಾಗಿ ಸಿಟ್ಟಿಗೆ ಎದೆ ಹೊಡೆದುಕೊಳ್ಳುವುದು ನಿಲ್ಲದು. ಏರಿಕೆ ಕೊಂಚ ಕೆಳಗಿನ ಮೆಟ್ಟಿಲಿನಿಂದ ಆರಂಭವಾಗುತ್ತದೆ, ಅಷ್ಟೆ. 2011ರ ಒಂದು ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಿಗೆ ವ್ಯಾಯಾಮ ಮಾಡಿಸಿದಾಗ ಒತ್ತಡ ಮೊದಲಿಗಿಂತ ಕಡಿಮೆಯಿತ್ತು, ನಾಡಿ ಮಾತ್ರ ಎಂದಿನಂತೆ ಏರಿತ್ತು.

ಇದು ಒಳ್ಳೆಯದೇ. 1930–50ರ ದಶಕಗಳಲ್ಲಿ ಶಸ್ತ್ರಚಿಕಿತ್ಸಕರು ಬೆನ್ನು ಸೀಳಿ ಈ ನರಗಳನ್ನು ವಿಸ್ತಾರವಾಗಿ ಕತ್ತರಿಸುತ್ತಿದ್ದರು. ಒತ್ತಡವೇನೋ ಇಳಿಯುತ್ತಿತ್ತು, ಆದರೆ ಎದ್ದು ನಿಂತರೆ ರೋಗಿಗೆ ಕಣ್ಣು ಕತ್ತಲಿಡುತ್ತಿತ್ತು. ನಮ್ಮ ಸರ್ಪಗಂಧದ ಬೇರಿನ ರಿಸರ್ಪಿನ್ ಕೂಡ ಇದೇ ನರಗಳ ತುದಿಯಲ್ಲಿನ ನಾರ್‌ಅಡ್ರಿನಲಿನ್ ದಾಸ್ತಾನನ್ನು ಬರಿದುಮಾಡುವಂಥದ್ದು. ಆ ಬೇರಿನ ಗುಣವನ್ನು 1949ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದವರು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿಗೆ ಒಂದು ಸಾಲಾದರೂ ಇರಬೇಕಿತ್ತು.

ಮಿತ್ರರ ಮಗನಿಗೆ ನಾನು ವಿವರಿಸಿದ್ದು 2014ರ ಕಥೆಯನ್ನು. ಅಮೆರಿಕದಲ್ಲಿ 535 ರೋಗಿಗಳ ಪೈಕಿ ಕೆಲವರ ನರ ಸುಟ್ಟರು; ಉಳಿದವರನ್ನೂ ಮೇಜಿನ ಮೇಲೆ ಮಲಗಿಸಿ, ನಳಿಕೆ ತೂರಿಸಿ, ನರ ಮುಟ್ಟದೆ ಕಳುಹಿಸಿದರು. ಆರು ತಿಂಗಳ ಬಳಿಕ ಮೊದಲಿನವರ ಮೇಲಿನ ಒತ್ತಡ ಸುಮಾರು 14 ಮಿ.ಮೀ. ಇಳಿದಿತ್ತು, ಏನೂ ಮಾಡಿಸಿಕೊಳ್ಳದವರದು ಸುಮಾರು 12! ಉಪಕರಣ, ವಿಧಾನಗಳೆರಡನ್ನೂ ತಿದ್ದಿ ನಡೆಸಿದ ಮುಂದಿನ ಪರೀಕ್ಷೆಗಳಲ್ಲಿ ನಿಜವಾದ ವ್ಯತ್ಯಾಸ ಕಂಡಿತು. ಆದರೆ ಅದು ಸಾಮಾನ್ಯವಾಗಿ 4ರಿಂದ 6 ಮಿ.ಮೀ., ಹೆಚ್ಚುಕಡಿಮೆ ಒಂದು ಮಾತ್ರೆಯ ಫಲದಷ್ಟು. 2023ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆಯಿತ್ತದ್ದೂ ಜೀವನಕ್ರಮ ಮತ್ತು ಮಾತ್ರೆಗಳಿಂದ ಒತ್ತಡ ಹತೋಟಿಗೆ ಬಾರದವರಿಗೆ, ಅದೂ ಪೂರಕವಾಗಿ.

ಹತೋಟಿಗೆ ಬಾರದು ಎನ್ನುವ ಮೊದಲು ನೋಡಬೇಕಾದದ್ದು ಬಹಳವಿದೆ: 24 ಗಂಟೆಯ ಒತ್ತಡದ ದಾಖಲೆ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಆಲ್ಡೋಸ್ಟಿರೋನ್ ಪ್ರಮಾಣ. ಎಲ್ಲಕ್ಕಿಂತ ಮೊದಲು, ಮಾತ್ರೆಯ ಡಬ್ಬಿ. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರೋಗಿಗಳ ರಕ್ತ, ಮೂತ್ರಗಳನ್ನು ತಪಾಸಿಸಿದಾಗ, ಬರೆದುಕೊಟ್ಟ ಮಾತ್ರೆಗಳನ್ನು ಸರಿಯಾಗಿ ನುಂಗುತ್ತಿದ್ದವರು ನೂರಕ್ಕೆ ಅರುವತ್ತರಷ್ಟು ಮಂದಿ ಮಾತ್ರ.