ಹೆದ್ದಾರಿಯ ಬದಿಯಲ್ಲೊಂದು ಪಾಠ

ಬೆಂಗಳೂರಿಗೆ ಹೋಗಬೇಕಾದಾಗ ನಾನು ಈಗಲೂ ಮೈಸೂರಿನಲ್ಲಿ ಹತ್ತುವುದು ಊರೂರಿಗೂ ನಿಲ್ಲುವ ಕೆಂಪು ಬಸ್ಸನ್ನೇ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರಿನ ವಡೆ, ಚನ್ನಪಟ್ಟಣದ ಬೊಂಬೆ ಎಲ್ಲವೂ ದಾರಿಯಲ್ಲಿ ಸಿಗುತ್ತವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಗೆ ಇವುಗಳ ಗೊಡವೆ ಇಲ್ಲ. ಅದು ಈ ಪೇಟೆಗಳ ಹೊರಗಿನಿಂದಲೇ ಸಾಗುತ್ತದೆ. ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. ಮೂರು ಗಂಟೆಯ ಪ್ರಯಾಣ ಕಾರಿನವರಿಗೆ ಅರ್ಧಕ್ಕಿಳಿದಿದೆ.

ಮೊನ್ನೆ ಬೇಸಿಗೆಯಲ್ಲಿ ಮಂಡ್ಯದಾಚೆ ಗೆಳೆಯರೊಬ್ಬರ ಹಳ್ಳಿಗೆ ಹೋಗಿದ್ದೆ. ಊರು ಹೆದ್ದಾರಿಯ ಈಚೆಗೆ, ಕಬ್ಬಿನ ಗದ್ದೆ ಆಚೆಗೆ. "ಮೊದ್ಲು ಎಲೆ ಅಡಿಕೆ ಹಾಕ್ಕೊಳೋ ಹೊತ್ಗೆ ಗದ್ದೆ ಸೇರ್ತಿದ್ದೆ ಮೇಷ್ಟ್ರೇ. ಈಗ ಅಂಡರ್‌ಪಾಸ್ ಬಳಸ್ಕೊಂಡು ಹೋಗ್ಬೇಕು" ಎಂದರು ಗೆಳೆಯರ ತಂದೆ. ಒಂಬತ್ತನೇ ತರಗತಿಯ ಮೊಮ್ಮಗ ಕೇಳಿದ: "ಕಾರು ಅಷ್ಟು ದೂರದಲ್ಲಿದೆಯಲ್ಲ ಸಾರ್, ನಾವು ದಾಟುವಾಗ ಬ್ರೇಕ್ ಹಾಕಿದರೆ ನಿಲ್ಲಲ್ವಾ?"

ಅಲ್ಲೇ ಕಡ್ಡಿ ಹಿಡಿದು ಮಣ್ಣಿನ ಮೇಲೆ ಲೆಕ್ಕ ಮಾಡಿದೆವು. ಅಪಾಯ ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಬೇಕೆನ್ನೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 14 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಮತ್ತೆ ಸುಮಾರು 14 ಮೀಟರ್. ಅಂದರೆ 28 ಮೀಟರಿಗೆ ನಿಂತಿತು. ಅದೇ 100 ಕಿ.ಮೀ. ವೇಗದ ಕಾರು? ಆ ಒಂದು ಸೆಕೆಂಡಿನಲ್ಲೇ 28 ಮೀಟರ್ ದಾಟಿರುತ್ತದೆ. ಮೊದಲ ಕಾರು ನಿಂತ ಜಾಗದಲ್ಲಿ ಇದು ಇನ್ನೂ ಬ್ರೇಕನ್ನೇ ಒತ್ತಿಲ್ಲ! ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. ಹಾಗಾಗಿ ನಿಲ್ಲಲು ಇನ್ನೂ 56 ಮೀಟರ್ ಬೇಕು. ಹುಡುಗ ಕಡ್ಡಿ ಕೆಳಗಿಟ್ಟು ರಸ್ತೆಯನ್ನೇ ನೋಡುತ್ತ ನಿಂತ.

ಸ್ವೀಡನ್ನಿನ ಸಂಶೋಧಕ ಯೋರಾನ್ ನಿಲ್ಸನ್ ಅಪಘಾತಗಳ ಅಂಕಿಅಂಶ ಪರಿಶೀಲಿಸಿ ಒಂದು ಸೂತ್ರ ಕೊಟ್ಟರು. ಮಾರಕ ಅಪಘಾತಗಳ ಸಂಖ್ಯೆ ಸರಾಸರಿ ವೇಗದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ ಶೇ. 10ರಷ್ಟು ತಗ್ಗಿದರೆ ಅಂಥ ಅಪಘಾತಗಳು ಮೂರನೇ ಒಂದು ಭಾಗದಷ್ಟು ತಗ್ಗುತ್ತವೆ.

ಈ ಹೆದ್ದಾರಿಯೇ ಅದಕ್ಕೆ ಸಾಕ್ಷಿ. ಆರಂಭದ ತಿಂಗಳುಗಳಲ್ಲಿ ಸಾವಿನ ಸುದ್ದಿಯಿಲ್ಲದ ವಾರವಿರಲಿಲ್ಲ. 2023ರಲ್ಲೇ ವೇಗಕ್ಕೆ 100 ಕಿ.ಮೀ. ಮಿತಿ ಹಾಕಿ ತಪಾಸಣೆ ಬಿಗಿಗೊಳಿಸಿದರು. ಬಳಿಕ ಕ್ಯಾಮೆರಾಗಳೂ ಬಂದವು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಬದಿಯ ರಸ್ತೆಗೆ ಇಳಿದವು. 2024ರಲ್ಲಿ ಸಾವುಗಳು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆಯಾದವು.

ಜೀವ ಉಳಿದದ್ದು ದೊಡ್ಡ ಮಾತು. ಆದರೆ ಕಾರಿನವರಿಗೆ ಉಳಿದ ಸಮಯವನ್ನು ಲೆಕ್ಕ ಹಾಕುವವರು, ಗದ್ದೆಗೆ ಬಳಸಿ ಹೋಗುವ ಹಿರಿಯರ ಸಮಯವನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಡವೇ? ಬದಿಯ ರಸ್ತೆಗೆ ದೀಪ, ದಾಟಲು ಹತ್ತಿರದಲ್ಲೇ ದಾರಿ, ಇವೂ ರಸ್ತೆ ವಿಜ್ಞಾನದ ವಿಷಯಗಳೇ.

ಪೋಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಈ ದಾರಿಯಲ್ಲಿ ಕಾರು ಓಡಿಸುವಾಗ ಸ್ಪೀಡೋಮೀಟರ್ ನೋಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಅವರು "ಅಪ್ಪಾ, ನೂರು ದಾಟಿತು" ಎಂದರೆ ಗದರಬೇಡಿ, ಕಾಲು ಸಡಿಲಿಸಿ.